ಅಜ್ಜಿ, ಮಗಳು, ಮೊಮ್ಮಗು: ಒಟ್ಟಿಗೆ ವಂಡರ್‌ಲಾಗೆ ಹೋಗುವ ಬಗೆ

ಜಾತ್ರೆಯ ತೊಟ್ಟಿಲಿನಲ್ಲಿ ಕುಳಿತು ಬೆಳೆದ ಅಜ್ಜಿಯ ಉತ್ಸಾಹ ಮೊಮ್ಮಕ್ಕಳಿಗೂ ದಾಟಬೇಕೆಂದರೆ ಮೊದಲ ಭೇಟಿಗೆ ವಂಡರ್‌ಲಾದಂತಹ ದೊಡ್ಡ ಮನರಂಜನಾ ಪಾರ್ಕನ್ನು ಆರಿಸಬೇಡಿ. ನಾಲ್ಕು ವರ್ಷದ ಮಗುವಿಗೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು ಧಾರಾಳವಾಗಿ ಸಾಕು.

ಮಗು ಸ್ವಲ್ಪ ಎತ್ತರವಾದ ಮೇಲೆ, ಮೈಸೂರು ರಸ್ತೆಯಲ್ಲಿ ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾಗೆ, ಸಾಧ್ಯವಾದರೆ ಶನಿವಾರ ಭಾನುವಾರಗಳನ್ನು ಬಿಟ್ಟು ಹೊರಡಿ. ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ ತಿನ್ನಬಹುದು, ಆದರೆ ಹೊಟ್ಟೆ ಬಿರಿಯುವಷ್ಟು ಬೇಡ. ನೀರಿನ ಆಟಗಳಿಗೆ ಹತ್ತಿಯ ಬಟ್ಟೆ ನಡೆಯುವುದಿಲ್ಲವಾದ್ದರಿಂದ ಅಜ್ಜಿಗೂ ನೈಲಾನ್ ಉಡುಪನ್ನು ಮೊದಲೇ ಕೊಂಡಿಟ್ಟುಕೊಳ್ಳಿ. ಅಲೆಗಳ ಕೊಳದ ಅಂಚಿನಲ್ಲಿ ಮೊಣಕಾಲುದ್ದ ನೀರಿಗಿಳಿದು ಮೊಮ್ಮಗಳ ಕೈ ಹಿಡಿದು ನಿಲ್ಲುವ ಸುಖವನ್ನು ಅವರಿಂದ ತಪ್ಪಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ರಭಸದ ಆಟಗಳಿಗೆ ಎತ್ತರದ ಮಿತಿಯಿದೆ. ಅಳತೆಗೋಲಿನ ಮುಂದೆ ಹಿಮ್ಮಡಿ ಎತ್ತಿ ನಿಂತರೂ ಎರಡು ಬೆರಳಿನಷ್ಟು ಕಡಿಮೆಯಾಗಿ, ತುಟಿ ಕಚ್ಚಿಕೊಂಡು ಹಿಂದಿರುಗುವ ಮಗುವನ್ನು ಸಮಾಧಾನಪಡಿಸಲು ಅಜ್ಜಿಗಿಂತ ತಕ್ಕವರಿಲ್ಲ. ರಕ್ತದೊತ್ತಡ, ಹೃದಯ ಅಥವಾ ಬೆನ್ನಿನ ತೊಂದರೆಯಿರುವ ಹಿರಿಯರೂ ಆ ಆಟಗಳಿಂದ ದೂರವಿರಬೇಕಾಗಿರುವುದರಿಂದ ಇಬ್ಬರೂ ಒಟ್ಟಿಗೆ ಕುಳಿತು, ತಾನು ಮೊದಲ ಬಾರಿ ತೊಟ್ಟಿಲು ಹತ್ತಿದ ದಿನದ ಕಥೆಯನ್ನು ಅಜ್ಜಿ ಹೇಳಲಿ.

ಮನೆಗೆ ಮರಳಿದ ಮೇಲೆ ಬಾಗಿಲ ಚೌಕಟ್ಟಿನ ಮೇಲೆ ಮಗುವಿನ ಎತ್ತರವನ್ನು ಪೆನ್ಸಿಲಿನಲ್ಲಿ ಗುರುತಿಸಿ, ಪಕ್ಕದಲ್ಲಿ ತಾರೀಖನ್ನು ಅಜ್ಜಿಯ ಕೈಯಿಂದಲೇ ಬರೆಸಿ.