ಗುಳ್ಳೆ ಬಿಟ್ಟು ಚಿತ್ರ ಓದುವುದು

ಚಿತ್ರಗಳಲ್ಲೇ ಕಥೆ ಹೇಳುವ ಗ್ರಾಫಿಕ್ ಕಾದಂಬರಿಯನ್ನು ನಾನು ಎರಡು ಸಲ ಓದುತ್ತೇನೆ. ಮೊದಲ ಸಲ ಎಲ್ಲರ ಹಾಗೆ, ಮುಂದೇನಾಯಿತು ಅನ್ನುವ ಆತುರದಲ್ಲಿ. ಎರಡನೇ ಸಲ ಪಾತ್ರಗಳ ಮಾತು ಬರೆದಿರುವ ಗುಳ್ಳೆಗಳನ್ನು ಬಿಟ್ಟು ಬರೀ ಚಿತ್ರ ನೋಡುತ್ತಾ ಹೋಗುತ್ತೇನೆ. ಆಗ ಮೊದಲು ಕಾಣದ್ದು ಏನಾದರೂ ಕಂಡರೆ ಆ ಪುಸ್ತಕ ಕಪಾಟಿನಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ, ಇದನ್ನು ಗದ್ಯದಲ್ಲೇ ಬರೆಯಬಹುದಿತ್ತಲ್ವಾ ಅನ್ನಿಸುತ್ತದೆ.

ಶಾನ್ ಟಾನ್ ಅವರ ‘ದಿ ಅರೈವಲ್’ (2006) ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸು. ಅದರಲ್ಲಿ ಮಾತೇ ಇಲ್ಲ! ಮನೆಮಂದಿಯನ್ನು ಬಿಟ್ಟು ದೂರದೇಶಕ್ಕೆ ಹೋದವನಿಗೆ ಅಲ್ಲಿನ ಬೋರ್ಡು ಓದಲು ಬರುವುದಿಲ್ಲ. ನಮಗೂ ಬರುವುದಿಲ್ಲ, ಆ ಲಿಪಿಯೇ ಕಲ್ಪನೆಯದು. ಅವನ ಗಲಿಬಿಲಿ ನಮ್ಮದೂ ಆಗುತ್ತದೆ.

ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ಗೆ 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಬಂತು. ನಾಜಿಗಳ ಹತ್ಯಾಕಾಂಡದಲ್ಲಿ ಬದುಕುಳಿದ ತಮ್ಮ ಅಪ್ಪನ ಕಥೆಯನ್ನು ಅವರು ಇದರಲ್ಲಿ ಹೇಳಿದ್ದಾರೆ. ಯೆಹೂದಿಗಳು ಇಲಿ, ನಾಜಿಗಳು ಬೆಕ್ಕು ಅನ್ನುವುದು ಓದದವರಿಗೂ ಗೊತ್ತು. ನನಗೆ ಹಿಡಿಸಿದ್ದು ಮುಖವಾಡಗಳು. ಯೆಹೂದಿಯೊಬ್ಬ ಪೋಲೆಂಡಿನವನಂತೆ ನಟಿಸುವಾಗ ಇಲಿ ಮುಖದ ಮೇಲೆ ಹಂದಿ ಮುಖವಾಡ ಕಟ್ಟಿಕೊಳ್ಳುತ್ತಾನೆ. ಆ ಮುಖವಾಡದ ದಾರ ಕಂಡಾಗಲೆಲ್ಲ ಎದೆ ಢವಢವ. ಇನ್ನು ಆ ಮುದಿ ಅಪ್ಪ! ಜಿಪುಣ, ಕಿರಿಕಿರಿ ಮನುಷ್ಯ. ಅಷ್ಟೆಲ್ಲ ಅನುಭವಿಸಿ ಬಂದವನೆಂದು ಲೇಖಕರು ಅವನನ್ನು ದೇವರು ಮಾಡಲಿಲ್ಲ. ಅದೇ ದೊಡ್ಡದು.

‘ವಾಚ್‌ಮೆನ್’ (1986–87) ಅನ್ನುವ ಸೂಪರ್‌ಹೀರೋ ಕಥೆ ಮಾತ್ರ ನನಗೆ ಅರ್ಧಂಬರ್ಧ ಹಿಡಿಸಿತು. ಪುಟಕ್ಕೆ ಒಂಬತ್ತು ಚಿತ್ರಚೌಕದ ಶಿಸ್ತು, ಐದನೇ ಅಧ್ಯಾಯದ ಪುಟಗಳು ಮಧ್ಯದಿಂದ ಎರಡೂ ಕಡೆಗೆ ಕನ್ನಡಿಯಂತೆ ಹೊಂದುವುದು, ಎಲ್ಲ ಸರಿ. ಆದರೆ ಜಾಣತನ ಸ್ವಲ್ಪ ಜಾಸ್ತಿ. ಅಧ್ಯಾಯಗಳ ಕೊನೆಯ ಗದ್ಯದ ಪುಟಗಳನ್ನು ಎಷ್ಟೋ ಸಲ ಹಾರಿಸಿದ್ದೇನೆ. ಅಭಿಮಾನಿಗಳು ಬೈಯಲಿ ಬಿಡಿ. ಇನ್ನು ಮರ್ಜಾನ್ ಸತ್ರಾಪಿ ಇರಾನಿನ ತಮ್ಮ ಬದುಕನ್ನೇ ಬರೆದ ‘ಪರ್ಸೆಪೊಲಿಸ್’ನಲ್ಲಿ ಹುಡುಗಿ ಚಿಕ್ಕವಳಾಗಿರುವ ಭಾಗವೇ ನನಗಿಷ್ಟ.

ಬೇರೆಯವರಿಗೆ ಓದಲು ಕೊಡುವಾಗ ನಾನು ಮೊದಲು ಎತ್ತುವುದು ‘ಭೀಮಾಯಣ’ (2011). ಅಂಬೇಡ್ಕರ್ ಬದುಕಿನ ಕಥೆ, ಚಿತ್ರ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ದಂಪತಿಯದು. ಇಲ್ಲಿ ಚೌಕಗಳ ಸಾಲೇ ಇಲ್ಲ. ಚಿತ್ರಗಳು ಪುಟದ ತುಂಬ ಹರಡಿಕೊಳ್ಳುತ್ತವೆ. ಗುಳ್ಳೆಗಳಂತೂ ಅದ್ಭುತ. ಮೆದುಮಾತಿಗೆ ಹಕ್ಕಿಯ ಆಕಾರ, ಚುಚ್ಚುಮಾತಿಗೆ ಚೇಳಿನ ಬಾಲ, ಮನಸ್ಸಿನ ಮಾತಿಗೆ ಒಂದು ಕಣ್ಣು. ಬಾಲಕನಿಗೆ ನೀರು ನಿರಾಕರಿಸುವವರ ಮಾತಿಗೆ ಕುಟುಕುವ ಬಾಲವಿದ್ದರೆ ವಿವರಣೆ ಯಾಕೆ ಬೇಕು? ಗುಳ್ಳೆ ಬಿಟ್ಟು ನೋಡುವ ನನ್ನ ಪದ್ಧತಿ ಇಲ್ಲಿ ನಡೆಯುವುದಿಲ್ಲ, ಗುಳ್ಳೆಯೇ ಚಿತ್ರ. ಈಗಿನ ಕಾಲದ ಇಬ್ಬರು ಮಾತಾಡಿಕೊಳ್ಳುವ ಭಾಗ ಮಾತ್ರ ತುಸು ಪಾಠದಂತಿದೆ.

ಎಲ್ಲ ಕಥೆಗೂ ಚಿತ್ರ ಬೇಕು ಅಂತೇನೂ ಇಲ್ಲ. ತೇಜಸ್ವಿಯವರ ‘ಕರ್ವಾಲೊ’ವನ್ನೇ ನೋಡಿ. ಅದರಲ್ಲಿನ ಮಂದಣ್ಣನನ್ನು ಬೇಕಾದರೆ ಚಿತ್ರದಲ್ಲಿ ಬಿಡಿಸಬಹುದು. ಆದರೆ ನಗು ಇರುವುದು ಹೇಳುವವನ ದನಿಯಲ್ಲಿ, ಅದನ್ನು ಎಲ್ಲಿ ಬಿಡಿಸುತ್ತೀರಿ? ಇನ್ನು ಕಥೆಯಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವ ಆ ಹಾರುವ ಓತಿಯನ್ನು ಯಾರಾದರೂ ಮುಖಪುಟದಲ್ಲೇ ತೋರಿಸಿ ಗ್ರಾಫಿಕ್ ಕಾದಂಬರಿ ಮಾಡಿದರೆ, ನಾನಂತೂ ಕೊಳ್ಳುವುದಿಲ್ಲ.