ಚಕ್ಕೆ ಹಾರಿದ ಟೈಲ್ಸನ್ನು ಕೀಳದೆ ಸರಿಮಾಡಿದ್ದು

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಅಡುಗೆಮನೆಗೆ ಕೆನೆ ಬಣ್ಣದ ಸೆರಾಮಿಕ್ ಟೈಲ್ಸ್ ಹಾಕಿಸಿದ್ದೇವೆ. ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು ಅವ್ವನ ಕೈಯಿಂದ ಜಾರಿ, ಅಂಚು ಕೆಳಗಾಗಿ ಬಿತ್ತು. ಒಂದು ಟೈಲ್ಸಿನಿಂದ ಹುಣಸೆಬೀಜದಷ್ಟು ಚಕ್ಕೆ ಹಾರಿ, ಒಳಗಿನ ಕೆಂಪು ಮಣ್ಣು ಕಾಣಿಸಿತು.

ಗೌಂಡಿಯನ್ನು ಕೇಳಿದರೆ, "ಒಂದ್ ಟೈಲ್ಸ್ ಬದ್ಲಿ ಮಾಡಿಬಿಡೂಣ್ರಿ" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಒಂದನ್ನು ಒಡೆದು ತೆಗೆಯುವಾಗ ಪಕ್ಕದ್ದಕ್ಕೂ ಪೆಟ್ಟು ಬೀಳಬಹುದು. ಅದೇ ಶೇಡ್ ಸಿಗುವುದೂ ಕಷ್ಟ. ಮಾದರಿ ಅದೇ ಆದರೂ ಬ್ಯಾಚ್ ಬದಲಾದರೆ ಬಣ್ಣ ತುಸು ಆಚೀಚೆ ಆಗುತ್ತದೆ. ಹಾಗಂತ ಸುಮ್ನೆ ಬಿಡುವುದೂ ಸರಿಯಲ್ಲ. ಈ ಟೈಲ್ಸಿನಲ್ಲಿ ನೀರು ತಡೆಯುವುದು ಮೇಲಿನ ತೆಳು ಹೊಳಪಿನ ಪದರ. ಅದು ಹೋದ ಜಾಗ ನೀರು, ಎಣ್ಣೆ, ಅರಿಶಿನ ಎಲ್ಲವನ್ನೂ ಕುಡಿಯುತ್ತದೆ. ಆ ಕಲೆ ಆಮೇಲೆ ಸುಲಭಕ್ಕೆ ಹೋಗುವುದಿಲ್ಲ.

ಮೊದಲು ನಾಣ್ಯದಿಂದ ಅಲ್ಲಲ್ಲಿ ತಟ್ಟಿ ನೋಡಿದೆ. ಎಲ್ಲ ಕಡೆ ಗಟ್ಟಿ ಸದ್ದು ಬಂತು. ಪೊಳ್ಳು ಸದ್ದು ಬಂದರೆ ಕೆಳಗೆ ಸಿಮೆಂಟ್ ಹಿಡಿದಿಲ್ಲ ಅಂತ ಅರ್ಥ. ಆಗ ಗೌಂಡಿಯ ಮಾತೇ ಸರಿ.

ಗ್ಯಾಸ್ ಬಂದ್ ಮಾಡಿ, ಕಿಟಕಿ ತೆರೆದು, ಪೇಂಟ್ ತೆಳು ಮಾಡುವ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ, ರಾತ್ರಿಯಿಡೀ ಒಣಗಲು ಬಿಟ್ಟೆ. ಕುಳಿಯ ಸುತ್ತ ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪ್ ಅಂಟಿಸಿದೆ.

ಬಹಳ ಜನ ಬಿಳಿ ಸಿಮೆಂಟನ್ನು ನೀರಲ್ಲಿ ಕಲಸಿ ಮೆತ್ತುತ್ತಾರೆ. ಇಷ್ಟು ತೆಳು ಜಾಗದಲ್ಲಿ ಅದು ನಿಲ್ಲುವುದಿಲ್ಲ, ನೆಲ ಒರೆಸುತ್ತ ಒರೆಸುತ್ತ ಉದುರುತ್ತದೆ. ನಾನು ತಂದದ್ದು ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್, ಎರಡು ಟ್ಯೂಬಿನಲ್ಲಿ ಬರುವ ಎಪಾಕ್ಸಿ ಅಂಟು. ಗ್ಲೌಸ್ ಹಾಕಿಕೊಂಡು, ಎರಡೂ ಟ್ಯೂಬಿನಿಂದ ಸಮಸಮ ಹಿಂಡಿ ಕಲಸಿದೆ. ನಿಜವಾದ ಕೆಲಸ ಬಣ್ಣದ್ದು. ಒಣ ಬಿಳಿ ಸಿಮೆಂಟ್ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸಿ, ಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟು ಹಳದಿ ಆಕ್ಸೈಡ್ (ಸಿಮೆಂಟಿಗೆ ಬೆರೆಸುವ ಬಣ್ಣದ ಪುಡಿ) ಹಾಕಿದೆ. ಒಂದೊಂದು ಸಲವೂ ಒಂದು ಚುಕ್ಕಿಯನ್ನು ಟೈಲ್ಸಿನ ಮೇಲಿಟ್ಟು, ಕಿಟಕಿಯ ಬೆಳಕಿನಲ್ಲಿ ನೋಡಿ ಒರೆಸಿದೆ. ಟ್ಯೂಬ್‌ಲೈಟಿನಲ್ಲಿ ಸರಿ ಕಂಡದ್ದು ಹಗಲಲ್ಲಿ ಬೇರೆಯೇ ಕಾಣುತ್ತದೆ. ಅರಾಲ್ಡೈಟಿಗೇ ತುಸು ಹಳದಿ ಛಾಯೆ ಇದೆ. ಕೆನೆ ಬಣ್ಣಕ್ಕೆ ಅದು ಅನುಕೂಲ, ಅಚ್ಚ ಬಿಳಿ ಟೈಲ್ಸಿನಲ್ಲಿ ಎದ್ದು ಕಾಣುತ್ತದೆ.

ಕಡ್ಡಿಯಿಂದ ಒತ್ತೊತ್ತಿ ಗಾಳಿಗುಳ್ಳೆ ಬಿಡಿಸಿ, ಮಟ್ಟಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ತುಂಬಿ, ಟೇಪ್ ತೆಗೆದೆ. ಇನ್ನು ಕಾಯಬೇಕು, ಆದರೆ ಪೂರ್ತಿ ಗಟ್ಟಿಯಾಗುವವರೆಗೆ ಅಲ್ಲ. ಉಗುರು ಒತ್ತಿದರೆ ಗುರುತು ಬೀಳಬೇಕು, ಅಂಟಬಾರದು. ಆ ಹದದಲ್ಲಿ ಹೊಸ ಬ್ಲೇಡನ್ನು ಟೈಲ್ಸಿನ ಮೇಲೆ ಮಲಗಿಸಿ ಎಳೆದರೆ, ಹೆಚ್ಚಿನದೆಲ್ಲ ತೆಳು ಸುರುಳಿಯಾಗಿ ಎದ್ದು ಬರುತ್ತದೆ. ಇದೊಂದು ಸರಿ ಬಂದರೆ ಉಜ್ಜುವ ಕೆಲಸವೇ ಇಲ್ಲ. ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನಯ ಉಪ್ಪುಕಾಗದ) ಹಾಕಿ ಉಜ್ಜಿದರೆ ಸುತ್ತಲಿನ ಹೊಳಪೂ ಮಂಕಾಗುತ್ತದೆ, ಅಲ್ವಾ? ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಲ್ಲಿ ಈ ಹದ ಬೇಗ ಬಂದು ಬೇಗ ದಾಟಿಹೋಗುತ್ತದೆ. ಹತ್ತಿರವೇ ಇದ್ದು ಆಗಾಗ ನೋಡುತ್ತಿರಬೇಕು.

ಯಾರೂ ತುಳಿಯದಂತೆ ಒಂದು ದಿನ ಮೇಲೆ ಸ್ಟೂಲ್ ಇಟ್ಟಿದ್ದೆ. ಆಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಕೈ ಬಳಿದೆ. ಸವೆದಾಗ ಮತ್ತೆ ಹಚ್ಚಿದರಾಯಿತು. ನೆಲ ಒರೆಸಲು ಫಿನೈಲ್ ನಡೆಯುತ್ತದೆ, ಆ್ಯಸಿಡ್ ಬೇಡ. ಒಲೆಯಿಂದ ಇಳಿಸಿದ ಪಾತ್ರೆಯನ್ನೂ ಆ ಜಾಗದಲ್ಲಿ ಇಡಬೇಡಿ, ಬಿಸಿ ತಾಗಿದರೆ ಅರಾಲ್ಡೈಟ್ ಮೆತ್ತಗಾಗುತ್ತದೆ.