ಮೂರು ಕ್ಲೋಸಪ್ ಫೋಟೋದಲ್ಲಿ ಬಾಂಡ್ ಇಕೀಪ್ ಹಿಡಿದಿದ್ದು: ನನ್ನ ಅನುಭವ

ಕೊನೆಗೂ ಚಾಸಿ ನಂಬರಿನ ಪ್ಲೇಟ್ ತಾಳೆ ಆಯ್ತು, ಹರಾಜಲ್ಲಿ ತಗೊಂಡ ಕಾರು ಬಾಂಡ್ ಇಕೀಪ್ ಜಿಟಿನೇ, ಅರವತ್ತರ ದಶಕದ ಅಪರೂಪದ ಬ್ರಿಟಿಷ್ ಕಾರು. ಹರಾಜಿನ ಪಟ್ಟಿಲಿ ಇದ್ದಿದ್ದು ಮೂರೇ ಫೋಟೋ, ಮೂರೂ ಕಾರಿಗೆ ತೀರಾ ಹತ್ರ ಹೋಗಿ ತೆಗೆದಿದ್ದು. ಒಂದರಲ್ಲಿ ಡೋರ್ ಹ್ಯಾಂಡಲ್ಲು ಮತ್ತೆ ಅದರ ಹಿಂದಿನ ಒಂದಡಿ ಬಾಡಿ, ಇನ್ನೊಂದರಲ್ಲಿ ಕ್ವಾರ್ಟರ್ ಗ್ಲಾಸು (ಕಿಟಕಿ ಪಕ್ಕದ ಸಣ್ಣ ಗ್ಲಾಸು), ಮತ್ತೊಂದರಲ್ಲಿ ಹಿಂದಿನ ಗ್ಲಾಸಿನ ಕೆಳಗಿನ ಒಂದು ತುಂಡು. ಹೆಸರು ಬರೀ 'ಹಳೇ ಟ್ರಯಂಫ್, ರಿಪೇರಿ ಆಗ್ಬೇಕು' ಅಂತ. ಇಲ್ಲಿ ಕೊವೆಂಟ್ರಿ ಸುತ್ತಮುತ್ತ ಇರೋ ನಮ್ಮ ಹಳೇ ಕಾರಿನ ಗೆಳೆಯರೆಲ್ಲ ನೋಡಿ, ಇದು ಯಾರೋ ಗ್ಯಾರೇಜಲ್ಲಿ ಫಿಲ್ಲರ್ (ತಗ್ಗು, ಸಂದು ತುಂಬೋ ಪೇಸ್ಟು) ಮೆತ್ತಿ ಕೆಡಿಸಿರೋ ಟ್ರಯಂಫ್ ಹೆರಾಲ್ಡು, ದುಡ್ಡು ಹಾಕ್ಬೇಡ ಗುರು ಅಂದ್ರು. ಕ್ಲೋಸಪ್ಪಲ್ಲಿ ಕಾರು ಹಿಡಿಯೋಕೆ ಆಗಲ್ಲ, ಪೂರ್ತಿ ಸೈಡ್ ಫೋಟೋ ಬೇಕೇ ಬೇಕು ಅನ್ನೋದು ಅವರ ವಾದ, ಎರಡು ಮೂರು ವರ್ಷದಿಂದ ಕೇಳ್ತಾನೇ ಇದೀನಿ.

ಮೊದಲು ಏನು ಕೆಲಸ ಮಾಡಲ್ಲ ಅಂತ ಹೇಳ್ಬಿಡ್ತೀನಿ. ಬಣ್ಣ ಬಿಟ್ಟಾಕಿ, ಅರವತ್ತು ವರ್ಷದಲ್ಲಿ ಮೂರು ಸಲ ಪೇಂಟ್ ಆಗಿರತ್ತೆ. ವೈರ್ ವೀಲ್ ಯಾರು ಬೇಕಾದ್ರೂ ಹಾಕ್ಕೋತಾರೆ, ಬ್ಯಾಡ್ಜ್ ಹೊಸದು ಸಿಗತ್ತೆ, ಸ್ಟೀರಿಂಗ್ ಅಂತೂ ಅರ್ಧ ಕಾರುಗಳಲ್ಲಿ ಮೋಟೋಲೀಟಾ ಕಂಪನಿದು. ಎಲ್ಲರೂ ನಂಬೋ ಲ್ಯಾಂಪೇ ಎಲ್ಲಕ್ಕಿಂತ ಜಾಸ್ತಿ ದಾರಿ ತಪ್ಪಿಸೋದು. ಲ್ಯೂಕಸ್ ಕಂಪನಿಯ ಎಲ್ 488 ಲ್ಯಾಂಪು ಕಂಡ್ರೆ ಹತ್ತಾರು ಕಾರಿನ ಹೆಸರು ಹೇಳ್ಬಹುದು, ಅಲ್ಲಿಗೆ ಏನೂ ಹೇಳಿದ ಹಾಗಾಗಲ್ಲ. ವೃತ್ತದೊಳಗೆ ಮೂರು ಭಾಗ ಇರೋ ಫೋರ್ಡ್ ಕಾರ್ಟಿನಾ ಮಾರ್ಕ್ 1 ಹಿಂದಿನ ಲ್ಯಾಂಪು ಬ್ಲ್ಯಾಕ್‌ಪೂಲಿನ ಟಿವಿಆರ್ ಅನ್ನೋ ಸಣ್ಣ ಕಂಪನಿಯ ಗ್ರಿಫಿತ್ 400ರಲ್ಲೂ ಅದೇ. ಒಬ್ಬ ವ್ಯಾಪಾರಿ ಅದನ್ನ ಟಿವಿಆರ್ ಲ್ಯಾಂಪ್ ಅಂತ ಚೀಟಿ ಅಂಟಿಸಿ ಮೂರು ಪಟ್ಟು ರೇಟು ಕೇಳ್ತಿದ್ದ. ಲೋಟಸ್ ಎಸ್ಪ್ರಿ ಮೊದಲನೇ ಸೀರೀಸಲ್ಲಿ ಫಿಯಟ್ ಎಕ್ಸ್ 1/9 ಲ್ಯಾಂಪು, ಎರಡನೇದರಲ್ಲಿ ರೋವರ್ ಎಸ್‌ಡಿ 1ದು. ಮಾರಿಸ್ ಮರೀನಾ ಡೋರ್ ಹ್ಯಾಂಡಲ್ ಆಲೆಗ್ರೋದಲ್ಲೂ ಇದೆ, ರೇಂಜ್ ರೋವರಲ್ಲೂ ಇದೆ, ಎಸ್ಪ್ರಿಯಲ್ಲೂ ಇದೆ. ಸಣ್ಣ ಕಂಪನಿಗಳಿಗೆ ಹ್ಯಾಂಡಲ್‌ಗೆ ಅಂತ ಬೇರೆ ಅಚ್ಚು ಮಾಡ್ಸೋ ದುಡ್ಡೆಲ್ಲಿತ್ತು.

ಹಾಗಾಗಿ ನಾನು ಎಕ್ಸೆಲಲ್ಲಿ ಒಂದು ಟೇಬಲ್ ಮಾಡ್ಕೊಂಡೆ. ಅಡ್ಡ ಸಾಲಲ್ಲಿ ಕಾರು, ಮೇಲೆ ಕಾಲಮ್ಮಲ್ಲಿ ಎರವಲು ತಂದ ಪಾರ್ಟು: ಹ್ಯಾಂಡಲ್, ಮುಂದಿನ ಗ್ಲಾಸು, ಲ್ಯಾಂಪು, ಹಿಂಜು, ಡಯಲ್. ಒಂದು ಪಾರ್ಟಿಗೆ ಹತ್ತಿಪ್ಪತ್ತು ಕಾರು ಬರತ್ತೆ, ಎರಡು ಪಾರ್ಟ್ ಸೇರಿಸಿದ್ರೆ ನಾಲ್ಕೈದಕ್ಕೆ ಇಳಿಯತ್ತೆ, ಮೂರನೇದಕ್ಕೆ ಬಹಳ ಸಲ ಒಂದೇ ಉಳಿಯತ್ತೆ. ಈಗ ಸುಮಾರು ಇನ್ನೂರು ಸಾಲು ಇದೆ. ಇದಕ್ಕೆ ಅಂತಲೇ ಸೆಪ್ಟೆಂಬರಲ್ಲಿ ಹ್ಯಾಂಪ್‌ಶೈರಿನ ಬ್ಯೂಲಿ ಆಟೋಜಂಬಲ್‌ಗೆ (ಹಳೇ ಕಾರಿನ ಪಾರ್ಟುಗಳ ಸಂತೆ) ಹೋಗಿ ಗಾಡಿ ಗಾಡಿ ಗುಜರಿ ಮುಂದೆ ವರ್ನಿಯರ್ ಹಿಡ್ಕೊಂಡು ಕೂತು ಹ್ಯಾಂಡಲ್, ಲ್ಯಾಂಪ್ ರಿಂಗ್ ಎಲ್ಲ ಅಳೆದಿದೀನಿ. ಆ ಅಳತೆ ಯಾಕೆ ಅಂದ್ರೆ ಫೋಟೋದಲ್ಲಿ ಸ್ಕೇಲ್ ಸಿಗಬೇಕಲ್ಲ. ಹೆಡ್‌ಲ್ಯಾಂಪ್ ಕಂಡ್ರೆ ಸುಲಭ, ಆ ಕಾಲದ ಒಂಟಿ ಲ್ಯಾಂಪು ಹೆಚ್ಚಾಗಿ 7 ಇಂಚು, ಜೋಡಿ ಲ್ಯಾಂಪಾದ್ರೆ ಐದೂಮುಕ್ಕಾಲು, ಅದರಿಂದ ಪಕ್ಕದ್ದೆಲ್ಲ ಲೆಕ್ಕ ಹಾಕ್ಬಹುದು.

ಆದ್ರೂ ಟೇಬಲ್ ಅರ್ಧ ಕೆಲಸ ಅಷ್ಟೇ. ಉಳಿದರ್ಧ ಅಂದ್ರೆ ಪಾರ್ಟನ್ನೇ ನೋಡ್ತಾ ಕೂರ್ಬೇಡಿ, ಪಾರ್ಟ್ ಬಾಡಿಗೆ ಸೇರೋ ಜಾಗ ನೋಡಿ. ದೊಡ್ಡ ಫ್ಯಾಕ್ಟರಿಯ ಡೋರು ಸಣ್ಣ ಕಂಪನಿಯ ಕೈಕೆಲಸದ ಬಾಡಿಗೆ ಸೇರೋ ಕಡೆ, ಅಂಗಡಿ ಸೀರೆಗೆ ಮನೇಲಿ ಫಾಲ್ ಹೊಲಿದ ಹಾಗೆ, ಎರಡು ಕೈ ಬೇರೆ ಅಂತ ಗೊತ್ತಾಗ್ಬಿಡತ್ತೆ. ಪ್ರೆಸ್ಸಲ್ಲಿ ಒತ್ತಿದ ಸ್ಟೀಲಿನ ಅಂಚು ಚೂಪಾಗಿ ಮಡಚಿರತ್ತೆ, ಫೈಬರ್ ಗ್ಲಾಸಿನ ಅಂಚು ದಪ್ಪ, ಸ್ವಲ್ಪ ಗುಂಡಗೆ. ಸ್ಟೀಲಾದ್ರೆ ತುಕ್ಕಿನ ಗುಳ್ಳೆ ಏಳತ್ತೆ. ಫೈಬರಲ್ಲಿ ಮೇಲಿನ ಜೆಲ್ ಪದರ ನಕ್ಷತ್ರದ ಥರ ಒಂದು ಬಿಂದುವಿಂದ ಬಿರುಕು ಬಿಡತ್ತೆ. ಫಿಲ್ಲರ್ ಒಡೆದ್ರೆ ಅದು ಬೇರೆ, ಚಕ್ಕೆ ಏಳತ್ತೆ, ಅಡಿಯಿಂದ ಕಂದು ನೀರು ಇಳಿದಿರತ್ತೆ.

ಈ ಕಾರಲ್ಲಿ ಡೋರು ಹೆರಾಲ್ಡ್‌ದೇ, ಅದರಲ್ಲಿ ಅನುಮಾನನೇ ಇರ್ಲಿಲ್ಲ. ನಮ್ಮಪ್ಪನ ಹತ್ರ ಮದ್ರಾಸಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು, ಎರಡು ಡೋರಿಂದು, ಅದರ ಬೀಡಿಂಗು ಕ್ವಾರ್ಟರ್ ಗ್ಲಾಸಿನ ಲಾಕು ಅಂತ ಬೆಂಗಳೂರಿನ ಜೆಸಿ ರೋಡಿನಲ್ಲಿ ಅಪ್ಪನ ಜೊತೆ ಎಷ್ಟು ಅಲೆದಿದೀನೋ, ಆ ಡೋರಿನ ಗೆರೆ ಕಣ್ಣಲ್ಲೇ ಕೂತಿದೆ. ಆದ್ರೆ ಹೆರಾಲ್ಡಿನ ರೂಫು ಬೋಲ್ಟ್ ಹಾಕಿ ಕೂರಿಸಿದ್ದು, ಡೋರಿನ ಹಿಂದೆ ಜಾಯಿಂಟ್ ಕಾಣ್ಲೇಬೇಕು. ಫೋಟೋದಲ್ಲಿ ಅದಿಲ್ಲ, ಬಾಡಿ ಒಂದೇ ಸಮ ಹಿಂದಕ್ಕೆ ಇಳಿದು ಹೋಗಿದೆ, ಹ್ಯಾಂಡಲ್ ಹಿಂದೆ ಎರಡು ಕಡೆ ನಕ್ಷತ್ರದ ಬಿರುಕು, ಕಂದು ನೀರು ಎಲ್ಲೂ ಇಲ್ಲ. ಮೂರನೇ ಫೋಟೋದಲ್ಲಿ ಹಿಂದಿನ ಗ್ಲಾಸಿನ ಕೆಳಗೆ ಡಿಕ್ಕಿ ಬಾಗಿಲಿನ ಗೆರೆಯೇ ಇಲ್ಲ! ಎಲ್ಲರೂ ಫಿಲ್ಲರ್ ಹಾಕಿ ಮುಚ್ಚಿದಾನೆ ಅಂದಿದ್ದು ಇದಕ್ಕೇ. ಪ್ರೆಸ್ಟನ್ನಿನ ಬಾಂಡ್‌ನೋರು, ಮೂರು ಚಕ್ರದ ಮಿನಿಕಾರ್ ಮಾಡ್ತಿದ್ರಲ್ಲ ಅವರೇ, 1963ರಲ್ಲಿ ಹೆರಾಲ್ಡ್ ಚಾಸಿ, ಹೆರಾಲ್ಡ್ ಡೋರು, ಹೆರಾಲ್ಡ್ ಮುಂದಿನ ಗ್ಲಾಸು ತಗೊಂಡು ಟ್ರಯಂಫ್ ಸ್ಪಿಟ್‌ಫೈರ್ ಕಾರಿನ ಇಂಜಿನ್ ಹಾಕಿ ಫೈಬರ್ ಬಾಡಿ ಕಟ್ಟಿದ್ರು. ಮೊದಲ ಜಿಟಿಗೆ ಹೊರಗಿಂದ ತೆಗೆಯೋ ಡಿಕ್ಕಿನೇ ಇರ್ಲಿಲ್ಲ, ಸೀಟು ಮಡಚಿ ಒಳಗಿಂದಲೇ ಲಗೇಜ್ ಇಡ್ಬೇಕು. ಡಿಕ್ಕಿ ಬಂದಿದ್ದು 1964ರ ಜಿಟಿ 4ಎಸ್‌ಗೆ, ಅದಕ್ಕೆ ನಾಲ್ಕು ಹೆಡ್‌ಲ್ಯಾಂಪು. ಅಂದ್ರೆ ಇದು ಮೊದಲನೇ ಥರದ್ದು, ನೆನಪಿರೋ ಹಾಗೆ ಸುಮಾರು 450 ಆಗಿದ್ದು ಅಷ್ಟೇ.

ದುಡ್ಡಿನ ವಿಚಾರ. ಒಂಬೈನೂರು ಪೌಂಡ್ ಚಿಲ್ಲರೆಗೆ ಬಿತ್ತು, ನನ್ನ ಎದುರು ಕೂಗ್ತಿದ್ದೋನು ಹೆರಾಲ್ಡ್ ಪಾರ್ಟ್ಸ್‌ಗೆ ಬಂದಿದ್ದೋನು. ಟ್ರೇಲರ್ ಬಾಡಿಗೆ, ಶೆಡ್ಡಿನ ಬಾಡಿಗೆ ಸೇರಿ ಇನ್ನೊಂದು ಮುನ್ನೂರೈವತ್ತು ಹೋಯ್ತು. ಈ ಥರದ ಕಾರನ್ನೇ ವರ್ಷಗಟ್ಟಲೆ ಹುಡುಕ್ತಿದ್ದ ಒಬ್ಬರು ಪ್ಲೇಟ್ ನಂಬರ್ ಪರೀಕ್ಷೆ ಮಾಡಿ ಎರಡು ಸಾವಿರದ ಹತ್ತಿರ ಕೊಟ್ಟು ತಗೊಂಡು ಹೋದ್ರು. ಖುಷಿ ಆಗಿದ್ದು ದುಡ್ಡಿಗಿಂತ ಆ ಕಾರು ಪಾರ್ಟ್ಸ್ ಆಗ್ದೆ ಉಳೀತಲ್ಲ ಅಂತ, ಅದೇ ಫೋಟೋ ಎಲ್ಲರೂ ನೋಡಿದ್ರು, ಕಂಡಿದ್ದು ನನಗೊಬ್ಬನಿಗೇ.

ನಡುವೆ ಒಂದು ಪ್ರಯೋಗಕ್ಕೂ ದುಡ್ಡು ಸುರಿದೆ. ಆಫೀಸಿನ ಹುಡುಗ ಒಬ್ಬ ಸಾರ್, ಎಐ ಮಾಡೆಲ್ ಟ್ರೇನ್ ಮಾಡಣ ಅಂದ, ಕ್ಲೌಡ್‌ಗೆ ನೂರೈವತ್ತು ಪೌಂಡ್ ಆಯ್ತು, ಅದು ಏನ್ ತೋರಿಸಿದ್ರೂ ಎಂಜಿಬಿ ಅನ್ನತ್ತೆ. ಎಂಜಿಬಿ ಅನ್ನೋ ಸ್ಪೋರ್ಟ್ಸ್ ಕಾರು ಐದು ಲಕ್ಷದ ಮೇಲೆ ತಯಾರಾಗಿದೆ, ಗಾರ್ಡನ್ ಕೀಬಲ್ ಥರದ ಅಪರೂಪದ ಕಾರು ನೂರರ ಹತ್ತಿರ. ಫೋಟೋನೇ ಇಲ್ದಿರೋ ಕಾರನ್ನ ಅದು ಎಲ್ಲಿ ಕಲಿಯತ್ತೆ? ನಿಲ್ಲಿಸಿದ್ವಿ.

ಕೆಲವು ಕಾರಿಗೆ ಟೇಬಲ್ ಬೇಡವೇ ಬೇಡ. ಮುಂದಿನ ಚಕ್ರದ ಹಿಂದೆ ವಿಂಗಲ್ಲಿ (ಚಕ್ರ ಮುಚ್ಚೋ ಬಾಡಿ ಭಾಗ) ನೆಟ್ಟಗೆ ಒಂದು ಬಾಗಿಲಿನ ಗೆರೆ ಕಂಡ್ರೆ ಬ್ರಿಸ್ಟಲ್ ಕಾರು, 404 ಮಾಡೆಲಿಂದ ಶುರು ಮಾಡಿ ಎಡಗಡೆ ವಿಂಗೊಳಗೆ ಸ್ಟೆಪ್ನಿ, ಬಲಗಡೆ ಬ್ಯಾಟರಿ ಇಡ್ತಿದ್ರು. ಹಿಂದೆ ಸ್ಟೆಪ್ನಿ ಮಲಗಿಸಿ ಅದನ್ನೇ ಬಂಪರ್ ಮಾಡಿದ್ರೆ ಹೀಲಿ ಸಿಲ್ವರ್‌ಸ್ಟೋನ್, ಆಗಿದ್ದೇ 105.

ಬೋಲ್ಟಿನ ತಲೆ ಕಂಡ್ರೆ ಬಿಡ್ಬೇಡಿ. ತಲೆ ಮೇಲೆ ದುಂಡನೆ ತಗ್ಗು ಅಥವಾ ಷಟ್ಕೋನದ ಮುಖದಲ್ಲಿ ಒಂದಕ್ಕೊಂದು ಅಂಟಿದ ಸೊನ್ನೆಗಳು ಇದ್ರೆ ಯೂನಿಫೈಡ್ ಅನ್ನೋ ಅಳತೆಯ ಥ್ರೆಡ್ಡು, ಅಂದ್ರೆ ಎರಡನೇ ಮಹಾಯುದ್ಧದ ನಂತರದ್ದು, ಯಾರಾದ್ರೂ ಅದನ್ನ ಒರಿಜಿನಲ್ 1938ರ ಕಾರಂದ್ರೆ ನಂಬ್ಬೇಡಿ. ಸ್ಮಿತ್ಸ್ ಸ್ಪೀಡೋಮೀಟರ್ ಡಯಲ್ ಕೆಳಗೆ ಸಣ್ಣಗೆ 1152 ಅಂತಲೋ 1280 ಅಂತಲೋ ಇರತ್ತಲ್ಲ, ಮೈಲಿಗೆ ಕೇಬಲ್ ಎಷ್ಟು ಸುತ್ತು ಅಂತ ಅದು, ನೋಡೋಕೆ ಒಂದೇ ಥರ ಇರೋ ಡಯಲ್‌ಗಳನ್ನ ಗೇರಿಂಗ್ ಲೆಕ್ಕದಲ್ಲಿ ಬೇರೆ ಮಾಡೋಕೆ ಅದೊಂದೇ ಸಾಕು. ಟ್ರಿಪ್ಲೆಕ್ಸ್ ಕಂಪನಿಯ ಗ್ಲಾಸಲ್ಲಿ ಅಚ್ಚಾದ ಹೆಸರಿನ ಅಕ್ಷರಗಳ ಮೇಲೆ ಕೆಳಗೆ ಇರೋ ಚುಕ್ಕಿ ವರ್ಷ ಹೇಳತ್ತೆ. ಯಾವ ಚುಕ್ಕಿಗೆ ಯಾವ ವರ್ಷ ಅನ್ನೋ ನನ್ನ ಪಟ್ಟಿ ಮಾತ್ರ ಕೊಡಲ್ಲ, ಕ್ರೋಮ್ ಬಂಪರಿನ ಪ್ರತಿಬಿಂಬದಿಂದ ಬಾನೆಟ್ ಆಕಾರ ತೆಗೆಯೋ ಕ್ರಮನೂ ಸದ್ಯಕ್ಕೆ ನನ್ನ ಹತ್ರನೇ ಇರ್ಲಿ, ಬ್ಯೂಲಿಗೆ ಇನ್ನೂ ಹೋಗೋದಿದೆ.

ನನಗೆ ಫೋಟೋ ಕಳಿಸೋರು ಫ್ಲ್ಯಾಶ್ ಆಫ್ ಮಾಡಿ ಟಾರ್ಚ್ ಬೆಳಕು ಪಕ್ಕದಿಂದ ಬಿಡಿ, ಆಗ ಬಿರುಕು ಗುಳ್ಳೆ ಎದ್ದು ಕಾಣತ್ತೆ. ಡೋರಿನ ಹಿಂದಿನ ಅಂಚು, ಗ್ಲಾಸಿನ ಮೂಲೆ, ಒಂದು ಬೋಲ್ಟು, ಒಂದು ಡಯಲ್ ಇಷ್ಟು ತೆಗೀರಿ, ಬ್ಯಾಡ್ಜ್ ಫೋಟೋ ಬೇಡ.